ಪಕ್ಕ ಮಲಗೋರು ಯಾರು?

ಡಾಕ್ಟರಮ್ಮನ ಕನ್ನಡಕದ ಒಂದು ಕಡ್ಡಿ ಮುರಿದು, ಅದಕ್ಕೆ ನೇರಳೆ ಬಣ್ಣದ ರೇಷ್ಮೆ ಎಳೆ ಸುತ್ತಿತ್ತು. ನಮ್ಮ ಕೊಳ್ಳೇಗಾಲದ ನೇಕಾರರೇ ಯಾರೋ ಸುತ್ತಿಕೊಟ್ಟಿದ್ದಂತೆ. ಹೊಸದು ತಗೊಳ್ಳಿ ಎಂದರೆ, "ಇದ್ರಲ್ಲೇ ಎಲ್ಲಾ ಕಾಣುತ್ತಲ್ಲಮ್ಮ" ಎನ್ನುತ್ತಿದ್ದರು. ಕಾಣುತ್ತಿತ್ತು, ಅದೇ ನಮಗೆ ಭಯ. ಹನೂರು, ಯಳಂದೂರಿನಿಂದ ಬಸ್ಸು ಹತ್ತಿ ಬಂದವರೂ ಅವರ ಮುಂದೆ ಕೆಮ್ಮು ನುಂಗಿಕೊಂಡು ಕೂರುತ್ತಿದ್ದರು.

ನಮ್ಮ ಯಜಮಾನರು ಇನ್ನೂ ಜಾಣರು. ಕೆಮ್ಮು ಬಂದಾಗಲೆಲ್ಲ ಮಗ್ಗವನ್ನು ದಡಬಡ ಬಡಿಯುತ್ತಿದ್ದರು. ಬೀದಿಗೆ ಲಾಳಿಯ ಸದ್ದು ಕೇಳಬೇಕು, ಕೆಮ್ಮು ಕೇಳಬಾರದು. ಅಯ್ಯೋ, ಒಳಗಿದ್ದ ನನಗೆ ಎರಡೂ ಕೇಳುತ್ತಿದ್ದವಲ್ಲ! ಟವೆಲಿನಲ್ಲಿ ರಕ್ತ ಕಂಡ ದಿನ ಅವರನ್ನು ಎಳೆದುಕೊಂಡೇ ಹೋದೆ.

ಕಫ ಪರೀಕ್ಷೆಯಲ್ಲಿ ಟಿಬಿ ಎಂದು ಬಂತು. ಡಾಕ್ಟರಮ್ಮ ಮೊದಲು ಕೇಳಿದ್ದು, "ಇವ್ರ ಪಕ್ಕ ಮಲಗೋರು ಯಾರು?"

"ಮಗ್ಳು" ಎಂದೆ. ಅವಳಿನ್ನೂ ಶಾಲೆಗೆ ಸೇರಿರಲಿಲ್ಲ. ಅಪ್ಪನ ತೋಳಿಲ್ಲದೆ ನಿದ್ದೆ ಮಾಡುತ್ತಿರಲಿಲ್ಲ.

ಡಾಕ್ಟರಮ್ಮ ಫೋನಿಗೆ ಕೈ ಹಾಕಿದರು. ಈ ಕಾಯಿಲೆ ಕಂಡ ಡಾಕ್ಟರು ಆರೋಗ್ಯ ಇಲಾಖೆಗೆ ತಿಳಿಸಲೇಬೇಕಂತೆ, ಕಾನೂನಂತೆ.

"ಅಮ್ಮಾ, ನಿಮ್ ಕಾಲ್ಗೆ ಬೀಳ್ತೀನಿ, ಯಾರ್ಗೂ ಹೇಳ್ಬ್ಯಾಡಿ. ಬೀದೀಲಿ ತಲೆ ಎತ್ಕಂಡು ಓಡಾಡಕ್ಕಾಗಲ್ಲ."

"ಬೀದಿಗೆ ಹೇಳಲ್ಲ ಕಣಮ್ಮ, ಇಲಾಖೆಗೆ ಹೇಳೋದು. ಬಚ್ಚಿಟ್ರೆ ನಿನ್ ಮಗೂನ ನೋಡೋರು ಯಾರು?"

ಆಮೇಲೆ ಎಲ್ಲಿ ಜೀಪಿನ ಸದ್ದಾದರೂ ಇಲಾಖೆಯವರೇ ಬಂದರೆಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಜೀಪು ಬರಲಿಲ್ಲ. ಜೀಪು ಬೇಡವೆಂದು ಡಾಕ್ಟರಮ್ಮನೇ ಹೇಳಿಟ್ಟಿದ್ದರಂತೆ; ಇಲಾಖೆಯ ಹೆಂಗಸೊಬ್ಬಳು ನೆಂಟರ ಹಾಗೆ ಬಾಳೆಹಣ್ಣು ಹಿಡಿದು ಬಂದಳು, ಮಗಳನ್ನು ಪರೀಕ್ಷೆಗೆ ಕರೆದೊಯ್ದಳು. ಮಗುವಿಗೂ ಅಂಟಿತ್ತು. "ಇನ್ನೂ ಸುರು ಕಣಕ್ಕ, ವಾಸಿಯಾಯ್ತದೆ" ಎಂದಳು. ನನಗೆ ಆ ಮಾತು ಅರ್ಧವೂ ಕಿವಿಗೆ ಬೀಳಲಿಲ್ಲ.

ಬೀದಿಗೂ ಹೇಗೋ ಗೊತ್ತಾಯಿತು. ನಲ್ಲಿಯ ಹತ್ತಿರ ನನ್ನ ಕೊಡ ಕಂಡರೆ ತಮ್ಮದನ್ನು ಎಳೆದುಕೊಳ್ಳುತ್ತಿದ್ದರು. ಉರಿದುಕೊಂಡು ಹೋಗಿ ಡಾಕ್ಟರಮ್ಮನಿಗೆ ಬಾಯಿಗೆ ಬಂದಂತೆ ಬೈದೆ. ಅಷ್ಟನ್ನೂ ಕೇಳಿಸಿಕೊಂಡು, ಕನ್ನಡಕ ಮೇಲಕ್ಕೆ ತಳ್ಳಿ, "ಬಯ್ಯಿ, ಪರವಾಗಿಲ್ಲ. ಮಗು ಇವತ್ತು ಮಾತ್ರೆ ನುಂಗ್ತಾ?" ಎಂದರು. ಅಲ್ಲೇ ಕೂತು ಅತ್ತುಬಿಟ್ಟೆ.

ಅಪ್ಪ ಮಗಳು ಇಬ್ಬರೂ ವಾಸಿಯಾದರು. ಡಾಕ್ಟರಮ್ಮ ಹೋದ ವರ್ಷ ಎದೆನೋವಿನಿಂದ ತೀರಿಕೊಂಡರು. ಮಣ್ಣಿಗೆ ಹೋದಾಗ ನನ್ನ ಭುಜಕ್ಕೆ ಬೆಳೆದಿದ್ದ ಮಗಳು ನನಗಿಂತ ಹೆಚ್ಚು ಅತ್ತಳು.

ಮೊನ್ನೆಯಿಂದ ಎದುರುಮನೆಯ ಮಗ್ಗ ಇದ್ದಕ್ಕಿದ್ದಂತೆ ದಡಬಡ ಎನ್ನುತ್ತದೆ, ತಣ್ಣಗಾಗುತ್ತದೆ, ಮತ್ತೆ ದಡಬಡ. ಆ ಸದ್ದು ನನಗೆ ಗೊತ್ತು. ಅಲ್ಲಿ ನೇಯುವ ಹುಡುಗನ ಹೆಂಡತಿ ಹಸಿ ಬಾಣಂತಿ. ಜಗಳವಾದರೆ, ಬಾಗಿಲು ಮುಚ್ಚಿದರೆ ಎಂದು ಹೆದರಿ ಸುಮ್ಮನಿದ್ದೆ. ಇವತ್ತು ತಡೆಯಲಾಗಲಿಲ್ಲ. ಹೋಗಿ ಅವರ ಹೊಸ್ತಿಲ ಹತ್ತಿರ ನಿಂತೆ.

"ಯಾಕಕ್ಕಾ?" ಎಂದ, ಮಗ್ಗ ಬಡಿಯುತ್ತಲೇ.

"ನಿನ್ ಪಕ್ಕ ಮಲಗೋರು ಯಾರಪ್ಪಾ?"

ಮಗ್ಗ ನಿಂತಿತು. ಕೆಮ್ಮು ನಿಲ್ಲಲಿಲ್ಲ.