ಸ್ಕ್ಯಾನಿಂಗ್ ಕೋಣೆಯ ಉಸಿರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ಆಯಾ ಒಬ್ಬರು ಜೆಲ್ ಬಾಟಲಿಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ನಿಲ್ಲಿಸುತ್ತಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ತಣ್ಣನೆಯ ಜೆಲ್ ಸವರಿದರೆ ಬೆಚ್ಚಿಬೀಳುತ್ತಾರೆ. ಬೆಚ್ಚಿದವರಿಗೆ ಉಸಿರು ಹಿಡಿಯಲಾಗುವುದಿಲ್ಲ. ಉಸಿರು ಹಿಡಿಯದಿದ್ದರೆ ಪಕ್ಕೆಲುಬಿನ ಮರೆಯಲ್ಲಿರುವ ಲಿವರ್ ಕೆಳಗೆ ಸರಿಯುವುದಿಲ್ಲ, ಪರದೆಗೂ ಸಿಗುವುದಿಲ್ಲ.

ಡಾಕ್ಟರು ಸ್ಕ್ಯಾನ್ ಮಾಡುವಾಗ ಇವರು ರೋಗಿಯ ತಲೆಯ ಬಳಿ ನಿಂತು, "ಎಳ್ಕೊಳ್ಳಿ, ಹಾಗೇ ಹಿಡ್ಕೊಳ್ಳಿ, ಈಗ ಬಿಡಿ" ಎನ್ನುತ್ತಾರೆ. ಜತೆಗೆ ತಾವೂ ಉಸಿರೆಳೆದು ಹಿಡಿಯುತ್ತಾರೆ. ಅದಕ್ಕೇ ರೋಗಿಗಳ ಬಾಯಲ್ಲಿ ಇವರು ಉಸಿರಕ್ಕ. ದಿನಕ್ಕೆ ಮೂವತ್ತು, ನಲವತ್ತು ಜನ.

"ಸಂಜೆ ಮನೆಗೆ ಹೋದ್ರೆ ಜಗಳ ಆಡೋಕೂ ಉಸಿರಿರಲ್ಲ. ನಮ್ಮನೆಯವರು ಸುಖವಾಗಿದ್ದಾರೆ" ಎಂದು ನಗುತ್ತಾರೆ ಉಸಿರಕ್ಕ.

ಕಷ್ಟ ಬೇರೆಯೇ ಇದೆ. ಪರದೆಯಲ್ಲಿ ಏನು ಕಂಡಿತೆಂದು ಇವರು ಹೇಳುವಂತಿಲ್ಲ. ಹೇಳಲು ಗೊತ್ತೂ ಇಲ್ಲ. ಆದರೂ ಹೊರಡುವ ಪ್ರತಿಯೊಬ್ಬರೂ ಇವರ ಮುಖ ನೋಡುತ್ತಾರೆ. ಇಷ್ಟು ವರ್ಷಗಳಲ್ಲಿ ಕಲಿತದ್ದು ಒಂದೇ, ಮುಖವನ್ನು ಗೋಡೆಯ ಹಾಗೆ ಇಟ್ಟುಕೊಳ್ಳುವುದು. ಕಪ್ಪು ಚುಕ್ಕೆ ಕಂಡರೆ ಡಾಕ್ಟರು ಸುಮ್ಮನಾಗುತ್ತಾರೆ, ಕಪ್ಪು ಕೆಟ್ಟದ್ದು ಎಂಬಷ್ಟು ಮಾತ್ರ ಇವರು ಬಲ್ಲರು.

ಇಂದು ಮೊದಲು ಮಲಗಿರುವವರು ಇವರ ಸ್ವಂತ ಅಕ್ಕ. ತಾಯಿ ಹೋದ ಮೇಲೆ ಇವರನ್ನು ಸೊಂಟದ ಮೇಲೆ ಹೊತ್ತು ಸಾಕಿದವರು. ಅಕ್ಕನ ಲಿವರ್‌ನಲ್ಲಿ ಕಡಲೆಕಾಳಿನಷ್ಟು ಕ್ಯಾನ್ಸರ್ ಗಂಟು ಸಿಕ್ಕಿದ್ದು ಇದೇ ಮಂಚದ ಮೇಲೆ. ಹೋದ ತಿಂಗಳು ಡಾಕ್ಟರು ಪರದೆ ನೋಡುತ್ತಲೇ ಸೂಜಿ ಇಳಿಸಿ, ಬಿಸಿಯಿಂದ ಅದನ್ನು ಸುಟ್ಟರು. ಆಗಲೂ ಉಸಿರು ಹಿಡಿಸಿದ್ದು ತಂಗಿಯೇ. ಈಗ, ಅದು ಹೋಯಿತೇ ಇಲ್ಲವೇ ಎಂದು ನೋಡಬೇಕು.

"ಹಿಡ್ಕೋ ಅಕ್ಕ" ಎಂದವರು ಪರದೆಯತ್ತ ತಿರುಗುತ್ತಾರೆ. ಕಡಲೆಕಾಳಿದ್ದಲ್ಲಿ ನಿಂಬೆಹಣ್ಣಿನಷ್ಟು ಕಪ್ಪು. ಬಿಡು ಎನ್ನುವುದು ಮರೆತೇ ಹೋಗುತ್ತದೆ. ಮಂಚದ ಮೇಲೆ ಅಕ್ಕನ ಮುಖ ಕೆಂಪೇರುತ್ತದೆ.

"ಏನೇ, ಬಿಡ್ಲೋ ಬೇಡ್ವೋ?"

ತಂಗಿಯ ಮುಖ ಇಂದು ಗೋಡೆಯಾಗಿ ಉಳಿದಿಲ್ಲ, ಗಂಟು ಬೆಳೆದಿದೆ ಎಂದೇ ಅಕ್ಕ ತಿಳಿಯುತ್ತಾರೆ.

ಡಾಕ್ಟರು ಇಬ್ಬರಿಗೂ ಬಿಡಿಸಿ ಹೇಳುತ್ತಾರೆ. ಸುಡುವಾಗ ಗಂಟಿನ ಸುತ್ತಲೂ ಒಂದಿಷ್ಟು ಸೇರಿಸಿಯೇ ಸುಡುವುದರಿಂದ ಗಾಯ ಗಂಟಿಗಿಂತ ದೊಡ್ಡದು. ಅದರಲ್ಲಿ ಕ್ಯಾನ್ಸರಿನ ಜೀವ ಉಳಿದಿದೆಯೇ ಎಂದು ತಿಳಿಯಲು ಸಣ್ಣ ಗುಳ್ಳೆಗಳಿರುವ ಔಷಧಿಯನ್ನು ರಕ್ತನಾಳಕ್ಕೆ ಕೊಡಬೇಕು. ರಕ್ತ ಹರಿಯುವಲ್ಲೆಲ್ಲ ಹೊಳೆಯುತ್ತದೆ, ಸತ್ತ ಜಾಗ ಕಪ್ಪಾಗಿಯೇ ಉಳಿಯುತ್ತದೆ.

ಔಷಧಿ ಏರುತ್ತದೆ. ಲಿವರ್ ಪೂರ್ತಿ ಮಿನುಗತೊಡಗುತ್ತದೆ. ನಡುವಿನ ಕಪ್ಪು ಕಪ್ಪಾಗಿಯೇ ಇದೆ. ಡಾಕ್ಟರು ಒಂದು ಅಂಚನ್ನು ಮತ್ತೆ ಮತ್ತೆ ನೋಡಿ, ಸದ್ಯಕ್ಕೆ ಏನೂ ಉಳಿದಂತಿಲ್ಲ, ಮೂರು ತಿಂಗಳು ಬಿಟ್ಟು ನೋಡೋಣ ಎನ್ನುತ್ತಾರೆ.

"ಹೋಗಿದೆ ಅಂದ್ರೆ ಕಾಣಬಾರದು ತಾನೇ?" ಎಂದು ಅಕ್ಕ ಹೊಟ್ಟೆಯ ಜೆಲ್ ಒರೆಸಿಕೊಳ್ಳುತ್ತಾರೆ. ಮುಂದಿನ ಸಲ ತಲೆಯ ಬಳಿ ಬೇರೆಯವರು ನಿಲ್ಲಲಿ ಎಂದು ತಂಗಿ ಅಂದರೆ, ಬೇರೆಯವರು ಹೇಳಿದರೆ ತನಗೆ ಉಸಿರೇ ಹಿಡಿಯಲಾಗದು ಎಂದು ಅಕ್ಕ ಗದರುತ್ತಾರೆ.

ಬಾಗಿಲಾಚೆ ಇನ್ನೊಬ್ಬರು ಕಾದಿದ್ದಾರೆ. ನಿಮಗೇನು ಆಸೆ ಎಂದು ಕೇಳಿದರೆ ಉಸಿರಕ್ಕ ಮಂಚಕ್ಕೆ ಹೊಸ ಹಾಳೆ ಹಾಸುತ್ತಲೇ ಹೇಳುತ್ತಾರೆ.

"ಮೂರು ತಿಂಗಳಾದ್ಮೇಲೂ ಅದು ಹೀಗೇ ಕಪ್ಪಾಗಿರ್ಲಿ. ಯಾಕೆ ಅಂತ ನಂಗಿನ್ನೂ ಸರಿಯಾಗಿ ತಲೆಗೆ ಹತ್ತಿಲ್ಲ. ಇರ್ಲಿ, ಅಷ್ಟೆ."