ಒಂಬತ್ತು ಪೆಟ್ಟಿನ ಯಜಮಾನರು

ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದುದೇ ಒಂಬತ್ತು ಪೆಟ್ಟಿನ ಯಜಮಾನರು ಎಂದು. ತಾಮ್ರದ ಪಾತ್ರೆಯನ್ನು ಕಬ್ಬಿಣದ ಗೂಟದ ಮೇಲಿಟ್ಟು, ಒಂದೇ ಉಸಿರಿಗೆ ಒಂಬತ್ತು ಪೆಟ್ಟು ಕೊಟ್ಟ ಮೇಲೆಯೇ ಅದನ್ನು ತಿರುಗಿಸುವುದು. ಎಂಟಾದರೆ ಸೋಮಾರಿತನ, ಹತ್ತಾದರೆ ಅಹಂಕಾರವಂತೆ! ಕೆಲಸದ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ನಲವತ್ತು ವರ್ಷದಿಂದ ಹೆಂಡತಿ ಒಲೆಯ ಮುಂದೆ ಆ ಸದ್ದನ್ನು ಕೇಳಿಕೊಂಡೇ ಇದ್ದವಳು.

ಆ ವರ್ಷ ಪೆಟ್ಟು ಏಳಕ್ಕೆ ಇಳಿಯಿತು. ಆಮೇಲೆ ಐದಕ್ಕೆ. ಒಂದು ಮಧ್ಯಾಹ್ನ ಮೂರೇ ಪೆಟ್ಟಿಗೆ ನಿಂತಾಗ ಅವಳು ಒಲೆ ಬಿಟ್ಟು ಎದ್ದಳು. ಓಡಿಹೋಗಿ ನೋಡಿದರೆ ಯಜಮಾನರು ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಏದುಸಿರು ಬಿಡುತ್ತಿದ್ದಾರೆ, ಮುಖ ಬಿಳಿಚಿಕೊಂಡಿದೆ.

"ವಯಸ್ಸಾಯ್ತು ಕಣೇ. ಸುತ್ತಿಗೆ ಯಾರಿಗಾದ್ರೂ ಕೊಟ್ಬಿಡೋಣ."

ಸುತ್ತಿಗೆ ಕೆಳಗಿಟ್ಟರೆ ಈ ಮನುಷ್ಯ ಹೆಚ್ಚು ದಿನ ಬದುಕಲಾರ, ಅದು ಅವಳಿಗೆ ಚೆನ್ನಾಗಿ ಗೊತ್ತು.

"ಕೊಡೋದು ಆಮೇಲೆ. ಮೊದಲು ಡಾಕ್ಟರ್ ಹತ್ರ ನಡೀರಿ."

ಡಾಕ್ಟರಮ್ಮ ಪರೀಕ್ಷೆ ಮಾಡಿಸಿದರು. ರಕ್ತ ಕಮ್ಮಿ, ಹೃದಯ ದಣಿದು ಕೊಂಚ ದೊಡ್ಡದಾಗಿದೆ ಎಂದರು. ವಾರದ ನಂತರ ಬಂದ ಇನ್ನೊಂದು ವರದಿಯನ್ನು ಎರಡು ಸಲ ಓದಿದರು.

"ನೀವು ಕೆಲಸ ಏನು ಮಾಡ್ತೀನಿ ಅಂದ್ರಿ?"

"ತಾಮ್ರದ ಪಾತ್ರೆ ಬಡೀತೀನಿ."

"ನಿಮ್ಮ ಮೈಯಲ್ಲಿ ಕಮ್ಮಿ ಆಗಿರೋದೇ ತಾಮ್ರ ಕಣ್ರೀ! ಏನಾದ್ರೂ ಮಾತ್ರೆ ನುಂಗ್ತಿದ್ದೀರಾ?"

ಯಜಮಾನರು ನೆಲ ನೋಡಿದರು. ಆಮೇಲೆ ಒಂದೊಂದೇ ವಿಷಯ ಹೊರಬಂತು. ಮೂರು ವರ್ಷದ ಹಿಂದೆ, ಪಾತ್ರೆಗೆ ಹೊಳಪು ಹಾಕುವ ಗೆಳೆಯ ಹೇಳಿದ್ದನಂತೆ: ನಮ್ಮ ಕಸುಬಿನವರ ಮೈಯೆಲ್ಲ ತಾಮ್ರದ ಧೂಳು ತುಂಬಿರುತ್ತೆ, ಜಿಂಕ್ ಮಾತ್ರೆ ನುಂಗಿದರೇ ಅದು ಹೊರಗೆ ಹೋಗೋದು ಎಂದು. ಅವತ್ತಿನಿಂದ ಬೆಳಿಗ್ಗೆ ಎರಡು, ಸಂಜೆ ಎರಡು. ತಾಮ್ರ ಇರುತ್ತದೆ ಅಂತ ಎಳ್ಳು, ಗೋಡಂಬಿ, ಕಾಳು ಎಲ್ಲವನ್ನೂ ತಟ್ಟೆಯ ಅಂಚಿಗೆ ತಳ್ಳಿದ್ದರು.

ಹೆಂಡತಿಗೆ ಪಿತ್ತ ನೆತ್ತಿಗೇರಿತು. "ಎಳ್ಳು ಹಲ್ಲಿಗೆ ಸಿಕ್ಕಿಕೊಳ್ಳುತ್ತೆ ಅಂತಿದ್ರಲ್ಲ, ಅದೂ ಸುಳ್ಳಾ?"

"ಜಿಂಕ್ ಅತಿಯಾದ್ರೆ ತಿಂದ ತಾಮ್ರ ಮೈಗೆ ಹತ್ತೋದಿಲ್ಲ," ಎಂದರು ಡಾಕ್ಟರಮ್ಮ. "ರಕ್ತ ಆಗೋಕೆ, ರಕ್ತನಾಳ ಗಟ್ಟಿಯಾಗಿರೋಕೆ, ಹೃದಯಕ್ಕೆ ಕಸುವಿರೋಕೆ ಚೂರು ತಾಮ್ರ ಬೇಕೇ ಬೇಕು. ಕೈಗೆ ಅಂಟಿದ್ದು ಅದಕ್ಕೆ ಸಾಲೋದಿಲ್ಲ. ಆ ಮಾತ್ರೆ ಇವತ್ತೇ ನಿಲ್ಲಿಸಿ. ತಾಮ್ರದ್ದು ನಾನು ಬರೆದುಕೊಟ್ಟಷ್ಟೇ ತಗೊಳ್ಳಿ."

"ಸುತ್ತಿಗೆ?" ಯಜಮಾನರ ದನಿ ಇಳಿದಿತ್ತು.

"ಸದ್ಯಕ್ಕೆ ಬೇಡ. ಆಮೇಲೆ ನೋಡೋಣ."

ಗೋಡೆಯಾಚೆ ಎರಡು ತಿಂಗಳು ಸದ್ದೇ ಇಲ್ಲ. ಆ ಮೌನದಲ್ಲಿ ಅಡುಗೆ ಮಾಡುವುದು ಅವಳಿಗೆ ಸಾಕುಬೇಕಾಯಿತು. ದಿನಾ ತಟ್ಟೆಗೆ ಹುರಿದ ಎಳ್ಳು, ಬೇಯಿಸಿದ ಕಾಳು ಹಾಕಿ ಎದುರೇ ಕೂರುತ್ತಿದ್ದಳು. ಯಜಮಾನರು ತಪ್ಪು ಮಾಡಿದ ಮಗುವಿನ ಹಾಗೆ ಒಂದು ಕಾಳೂ ಬಿಡದೆ ತಿನ್ನುತ್ತಿದ್ದರು. ಕೆನ್ನೆಗೆ ಬಣ್ಣ ಬಂತು. ಡಾಕ್ಟರಮ್ಮ ನಿಧಾನಕ್ಕೆ ಶುರುಮಾಡಿ ಎಂದರು. ಮೊದಲ ವಾರ ನಾಲ್ಕು ಪೆಟ್ಟು, ತಿಂಗಳು ಕಳೆದ ಮೇಲೆ ಆರು.

ಒಂದು ಬೆಳಿಗ್ಗೆ ಪೆಟ್ಟು ಏಳಾಯಿತು, ಎಂಟಾಯಿತು. ಅವಳ ಕೈಯ ಸೌಟು ಅಲ್ಲೇ ನಿಂತಿತು. ಒಂಬತ್ತು! ಅವಳಿಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಹತ್ತನೆಯದೂ ಬಿತ್ತು.

"ರೀ, ಹತ್ತು ಅಹಂಕಾರ ಅಂತಿದ್ರಲ್ಲ?"

"ಒಂಬತ್ತು ನಂದು," ಎಂದರು ಗೋಡೆಯಾಚೆಯಿಂದ. "ಅದೊಂದು ನಿಂದು ಕಣೇ."