ಮಣ್ಣಿಗೆ ಹೊರಟ ಕಾರು

ಟಿಹೋಮಿರ್ ಮಾವ, ಅಂದರೆ ನನ್ನ ಸೋದರತ್ತೆಯ ಗಂಡ, ಚಾಚಕ್ ಪಟ್ಟಣದಲ್ಲಿ ಬ್ರೆಡ್ಡಿನ ವ್ಯಾನು ಓಡಿಸಿಯೇ ತಲೆ ನೆರೆಸಿಕೊಂಡವನು. ಒಂದು ಎಂಜಿನ್ನನ್ನೂ ಸುಟ್ಟವನಲ್ಲ. ಮದುವೆಯ ದಿನ ಚರ್ಚಿಗೆ ಹೊರಡುವ ಮುಂಚೆಯೂ ಬಾನೆಟ್ ಎತ್ತಿ ಎಣ್ಣೆಯ ಮಟ್ಟ ಅಳೆಯುವ ಕಡ್ಡಿ ನೋಡಿದನಂತೆ. ಅತ್ತೆ ಇವತ್ತಿಗೂ ಆಡಿಕೊಳ್ಳುತ್ತಾಳೆ. ನಾನು ರಾಸ್ಪ್‌ಬೆರಿ ಹಣ್ಣಿನ ಶೈತ್ಯಾಗಾರದಲ್ಲಿ ಪೆಟ್ಟಿಗೆ ಹೊರುವವನು. ಕಾರಿನ ವಿಷಯದಲ್ಲಿ ನನಗಿರುವ ಪರಿಣತಿಯೆಂದರೆ ಹಿಂದಿನ ಸೀಟಿನಲ್ಲಿ ಕತ್ತು ನೋಯದಂತೆ ನಿದ್ದೆ ಮಾಡುವುದು.

ಕಣಿವೆಯಾಚೆಯ ಉಜಿತ್ಸೆ ಊರಿನಲ್ಲಿ ಮಾವನ ಅಣ್ಣ ಮಿಲಿಸಾವ್ ತೀರಿಕೊಂಡಿದ್ದ. ಅಪ್ಪನಿಲ್ಲದ ಮಾವನನ್ನು ಸಾಕಿ, ಸ್ಟೇರಿಂಗ್ ಹಿಡಿಯಲು ಕಲಿಸಿದವನು ಅವನೇ. ಮಧ್ಯಾಹ್ನ ಮಣ್ಣು, ಮೊದಲ ಹಿಡಿ ತಮ್ಮನದೇ ಆಗಬೇಕು. ಸುದ್ದಿ ಬಂದಾಗ ಮಾವ ಅಳಲಿಲ್ಲ, ಕೂರಲೂ ಇಲ್ಲ. ಕಾರಿನ ಕೆಳಗೆ ತೂರಿ ಎಣ್ಣೆ, ಫಿಲ್ಟರು ಎರಡನ್ನೂ ಬದಲಾಯಿಸಿದ.

ಮಂಡಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಅತ್ತೆ ಬಾಗಿಲಲ್ಲೇ ಉಳಿದಳು. ನಾವು ಹೊರಟು ಅಂಗಳ ದಾಟುವಾಗ ತಿರುಗಿ ನೋಡಿದೆ. ಕಾರು ನಿಂತಿದ್ದ ಜಾಗ ಒದ್ದೆಯಾಗಿತ್ತು. ಪರೀಕ್ಷೆಗೋ ಸೈನ್ಯಕ್ಕೋ ಯಾರು ಹೊರಟರೂ, ದಾರಿ ನೀರಿನಂತೆ ಸರಾಗವಾಗಲೆಂದು ಬೆನ್ನ ಹಿಂದೆ ಒಂದು ಲೋಟ ನೀರು ಚೆಲ್ಲುವುದು ನಮ್ಮಲ್ಲಿ ಇದ್ದದ್ದೇ.

"ಅತ್ತೆ ಇವತ್ತು ಧಾರಾಳವಾಗಿ ಸುರಿದಿದಾಳೆ ಮಾವ. ಮೀನು ಸಾಕ್ಬೋದು," ಎಂದೆ.

ಮಾವ ಗೇರು ಬದಲಿಸಿದ.

ಕಣಿವೆಯ ತಿರುವಿನಲ್ಲಿ ಎಣ್ಣೆ ಮುಗಿಯಿತೆನ್ನುವ ಕೆಂಪು ದೀಪ ಹೊತ್ತಿಕೊಂಡಿತು. ಮಾವ ತಕ್ಷಣ ಎಂಜಿನ್ ಆರಿಸಿ, ಉರುಳುವ ಕಾರನ್ನು ಅಂಚಿಗೆ ತಂದ. ಹಿಂದೆ ರಸ್ತೆಯುದ್ದಕ್ಕೂ ಎಣ್ಣೆಯ ಗೆರೆ.

"ಅಂಗಳದಲ್ಲೇ ಸೋರ್ತಿತ್ತಾ?" ಮಾವ ಕೇಳಿದ.

"ಅದು... ಅತ್ತೆ ಹಾಕಿದ ನೀರು ಅಂದ್ಕೊಂಡೆ."

"ಸಾವಿನ ಮನೆಗೆ ಹೊರಟೋರ ಹಿಂದೆ ಯಾರಾದ್ರೂ ನೀರು ಹಾಕ್ತಾರೇನೋ, ಕತ್ತೆ?" ಬೈಗುಳವೂ ರೇಡಿಯೋದಲ್ಲಿ ಹವಾಮಾನ ಓದಿದ ಹಾಗಿತ್ತು.

ಕೆಳಗೆ ತೂರಿ, ಸುಡುವ ಫಿಲ್ಟರಿಗೆ ಚಿಂದಿ ಸುತ್ತಿ ಬಿಚ್ಚಿದ. ಹೊರಬಂದಾಗ ಅಂಗೈಯಲ್ಲಿ, ಎಣ್ಣೆ ಸೋರದಂತೆ ತಡೆಯಲು ಒಂದೇ ಇರಬೇಕಾದ ಕಡೆ, ಎರಡು ರಬ್ಬರ್ ಉಂಗುರಗಳಿದ್ದವು. ಹಳೆಯ ಫಿಲ್ಟರಿನದು ಎಂಜಿನ್ನಿಗೇ ಅಂಟಿಕೊಂಡಿತ್ತು. ಅದನ್ನು ಕೀಳದೆ ಹೊಸದನ್ನು ಅದರ ಮೇಲೇ ಬಿಗಿದಿದ್ದ. ಬೇರೆ ಚಾಲಕರು ಈ ತಪ್ಪು ಮಾಡಿದರೆ ಕ್ರಿಸ್‌ಮಸ್‌ವರೆಗೂ ಗೇಲಿ ಮಾಡುತ್ತಿದ್ದ ಮನುಷ್ಯ.

"ಎರಡು," ಎಂದ.

ಲಾರಿಯೊಂದು ನಿಂತಿತು. ಚಾಲಕ ಗ್ವೋಜ್ದೆನ್, ಗುರುತಿನವನಲ್ಲ, ಇಳಿಯುತ್ತಲೇ ಹೆಸರು ಹೇಳಿ ಕೈ ಚಾಚಿದ. "ಏನಣ್ಣಾ, ಕುದುರೆ ಉಚ್ಚೆ ಹೊಯ್ಕೊಂಡಿದ್ಯಾ?" ಎಂದವನು ನಮ್ಮ ಕಪ್ಪು ಬಟ್ಟೆ ನೋಡಿ ಟೋಪಿ ತೆಗೆದ. ವಿಷಯ ತಿಳಿದು, "ಹತ್ತಣ್ಣಾ, ಹೊತ್ತಿಗೆ ಸರಿಯಾಗಿ ಬಿಡ್ತೀನಿ. ಈ ಮಹಾಶಯ ಇಲ್ಲೇ ಕಾಯ್ಲಿ," ಎಂದ ನನ್ನನ್ನು ತೋರಿಸಿ.

"ಹೋಗು ಮಾವ, ಗಾಡಿ ನಾನು ನೋಡ್ಕೋತೀನಿ."

"ನಿನ್ನ ಯಾರು ನೋಡ್ಕೋತಾರೆ?" ಮಾವ ಉಂಗುರ ಒರೆಸುತ್ತಲೇ ಇದ್ದ. "ಗಾಡೀನ ದಾರೀಲಿ ಬಿಟ್ಟು ಹೋದ್ರೆ ಮಿಲಿಸಾವ್ ಬೈತಾನೆ."

ಗ್ವೋಜ್ದೆನ್ ನನ್ನ ಮುಖ ನೋಡಿದ. ನಾನು ನನ್ನ ಬೂಟು ನೋಡಿದೆ. ಅವನು ಹೋಗಿ ಲಾರಿಯಿಂದ ಎಣ್ಣೆಯ ಡಬ್ಬಿ ತಂದ. ಮಾವ ಹೊಸ ಉಂಗುರವೊಂದನ್ನೇ ಇಟ್ಟು ಫಿಲ್ಟರು ಬಿಗಿದು, ಎಣ್ಣೆ ತುಂಬಿ, ಕೈ ತೊಳೆಯಲೂ ನಿಲ್ಲದೆ ಕಾರು ಹೊರಡಿಸಿದ.

ಸ್ಮಶಾನ ತಲುಪಿದಾಗ ಶವಪೆಟ್ಟಿಗೆ ಗುಂಡಿಗೆ ಇಳಿದಾಗಿತ್ತು. ಮೊದಲ ಹಿಡಿಯನ್ನು ಯಾರೋ ಹಾಕಿಯೂ ಆಗಿತ್ತು. ಜನ ದಾರಿ ಬಿಟ್ಟರು. ಮಾವ ಬಗ್ಗಿ ಮಣ್ಣು ತೆಗೆದುಕೊಂಡು, ಗುಂಡಿಯ ಮೇಲೆ ಕೈ ಚಾಚಿ ಮುಷ್ಟಿ ಬಿಚ್ಚಿದ. ಮಣ್ಣು ಬೀಳಲಿಲ್ಲ. ಎಣ್ಣೆಯ ಅಂಗೈಗೆ ಮೆತ್ತಿಕೊಂಡಿತ್ತು. ಇನ್ನೊಂದು ಕೈಯಿಂದ ಉಜ್ಜಿದ. ಅದೂ ಅಷ್ಟೇ ಎಣ್ಣೆಮಯ.

"ಅಂಟ್ಕೊಂಡಿದೆ ಕಣೋ," ಎಂದ ನನ್ನ ಕಡೆ ತಿರುಗಿ.

ನನ್ನ ಜೇಬಿನಲ್ಲಿ ಕರವಸ್ತ್ರವಿತ್ತು. ಕೊಡುವುದು ಹೊಳೆಯಲಿಲ್ಲ. ನಾನೂ ಬಗ್ಗಿ ಒಂದು ಹಿಡಿ ಎತ್ತಿದೆ. ಅವನ ಪರವಾಗಿ ಹಾಕಬಹುದೋ ಬಾರದೋ ತಿಳಿಯದೆ, ಅದನ್ನು ಹಿಡಿದುಕೊಂಡೇ ಅವನ ಪಕ್ಕದಲ್ಲಿ ನಿಂತೆ.